ಒಲೆ ಮುಂದೆ ನಿಂತವರ ಹೆಸರೂ ಗೊತ್ತಾಗಲಿ

ಒಳ್ಳೆಯ ಹೋಟೆಲ್ ಊಟ ಅಂದ ಕೂಡಲೇ ನನಗೆ ನೆನಪಾಗುವುದು ದೊಡ್ಡ ಎಸಿ ಹಾಲ್‌ಗಳಲ್ಲ. ಅಡುಗೆ ಮಾಡುವ ಮನುಷ್ಯ ಕಣ್ಣಿಗೆ ಕಾಣುತ್ತಿದ್ದ ಜಾಗಗಳು. ನಾನು ಈಗಿರುವ ಸಿಂಗಪುರದಲ್ಲಿ ಅಂಥ ಜಾಗಗಳಿಗೆ ಬರವಿಲ್ಲ.

ಇಲ್ಲಿ ಅವನ್ನು ಹಾಕರ್ ಸೆಂಟರ್ ಅನ್ನುತ್ತಾರೆ. ದೊಡ್ಡದೊಂದು ಸೂರು, ಅದರಡಿ ಸಾಲಾಗಿ ಚಿಕ್ಕ ಚಿಕ್ಕ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಮೊದಲು ಇವರೆಲ್ಲ ಬೀದಿಯಲ್ಲೇ ಮಾರುತ್ತಿದ್ದರು. 1970ರ ದಶಕದಿಂದ 80ರ ದಶಕದ ಮಧ್ಯದವರೆಗೆ ಸರ್ಕಾರ ಅವರಿಗೆ ಕಟ್ಟಡ, ನಲ್ಲಿ ನೀರು, ಚರಂಡಿ ಎಲ್ಲ ಮಾಡಿಕೊಟ್ಟು ಒಳಗೆ ಕರೆತಂದಿತು. ಸರ್ಕಾರಿ ಅಂಗಡಿ ಸಿಕ್ಕವರು ತಾವೇ ನಿಂತು ನಡೆಸಬೇಕು, ಒಳಬಾಡಿಗೆಗೆ ಕೊಡುವಂತಿಲ್ಲ ಅನ್ನುವ ನಿಯಮ ಈಗ ಇದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಅಂಗಡಿಯ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದೆ ಇರುವುದಿಲ್ಲ, ಹೆಚ್ಚಾಗಿ ಬಾಣಲೆಯ ಮುಂದೆಯೇ ಇರುತ್ತಾನೆ.

ನನಗೆ ಅಚ್ಚುಮೆಚ್ಚು ಚಾಯ್ ತಾವ್ ಕ್ವೇ. ಅಕ್ಕಿಹಿಟ್ಟಿಗೆ ಮೂಲಂಗಿ ತುರಿ ಸೇರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಅದನ್ನು ತುಂಡು ಮಾಡಿ, ಅಗಲವಾದ ಕಾವಲಿ ಮೇಲೆ ಬೆಳ್ಳುಳ್ಳಿ, ಮೊಟ್ಟೆ, ಉಪ್ಪಲ್ಲಿ ಹಾಕಿಟ್ಟ ಮೂಲಂಗಿ ಚೂರುಗಳ ಜೊತೆ ಹುರಿಯುತ್ತಾರೆ. ಮಿಕ್ಕ ಇಡ್ಲಿ ಪುಡಿ ಮಾಡಿ, ಒಗ್ಗರಣೆ ಹಾಕಿ ನಮ್ಮ ಮನೆಗಳಲ್ಲಿ ಮಾಡುವ ಉಪ್ಪಿಟ್ಟಿನ ದೂರದ ನೆಂಟ ಅನ್ನಬಹುದು. (ಕೆಲವರು ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ, ಬೇಡದವರು ಮೊದಲೇ ಕೇಳಿಕೊಳ್ಳಬೇಕು.) ನಮ್ಮ ಮನೆ ಹತ್ತಿರದ ಅಂಗಡಿಯ ಅಜ್ಜ ತಳ ಕೆಂಪಗಾಗುವ ತನಕ ಸೌಟು ಮುಟ್ಟುವುದಿಲ್ಲ. ಎದುರಿಗೆ ಎಷ್ಟೇ ಉದ್ದದ ಕ್ಯೂ ಇರಲಿ, ಕಾಯುತ್ತಾನೆ. ಕ್ಯೂನಲ್ಲಿರುವವರೂ ಕಾಯುತ್ತಾರೆ, ಯಾಕೆಂದರೆ ಅವರು ಬಂದಿರುವುದೇ ಆ ಕೈಗಾಗಿ. ಅಜ್ಜ ಇಲ್ಲದ ದಿನ "ನಾಳೆ ಬರೋಣ" ಅಂತ ವಾಪಸ್ ಹೋಗುವವರನ್ನೂ ನೋಡಿದ್ದೇನೆ.

ಈ ಗೌರವ ಬರೀ ಮೊಹಲ್ಲಾಗೆ ಸೀಮಿತವಲ್ಲ. 2016ರಲ್ಲಿ, ಒಳ್ಳೆಯ ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಷೆಲಿನ್ ಗೈಡ್ ಮೊದಲ ಸಲ ಸಿಂಗಪುರಕ್ಕೆ ಬಂದಾಗ ಚೈನಾಟೌನಿನ ಹಾಕರ್ ಅಂಗಡಿಯೊಂದಕ್ಕೂ ಸ್ಟಾರ್ ಸಿಕ್ಕಿತು. ಸೋಯಾ ಸಾಸಿನಲ್ಲಿ ಬೇಯಿಸಿದ ಕೋಳಿ ಮಾರುತ್ತಿದ್ದ ಚಾನ್ ಹೋನ್ ಮೆಂಗ್ ಅವರ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. 2020ರಲ್ಲಿ ಯುನೆಸ್ಕೊ ಇಲ್ಲಿನ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಬೆಂಗಳೂರಿಗೆ ಬರೋಣ. ನನ್ನ ಬಾಯಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಗಿಂತ ರುಚಿಯಾದದ್ದು ಯಾವ ದೇಶದಲ್ಲೂ ಸಿಕ್ಕಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ. ಒಂದರ ಮೇಲೊಂದು ತಟ್ಟೆ ಜೋಡಿಸಿ ತೋಳ ಮೇಲೆ ಹೊತ್ತು ತರುವ ಸಪ್ಲೈಯರ್ ಎಲ್ಲರ ಫೋಟೋದಲ್ಲೂ ಇದ್ದಾರೆ. ಆದರೆ ಆ ದೋಸೆ ಹುಯ್ದವರು ಯಾರು? ಗೊತ್ತಿಲ್ಲ. ಇದು ಒಂದು ಹೋಟೆಲಿನ ಮಾತಲ್ಲ. ನಮ್ಮಲ್ಲಿ ಎಲ್ಲ ಕಡೆ ಹೋಟೆಲಿಗೆ ಹೆಸರಿದೆ, ಮಾಲೀಕರಿಗೆ ಹೆಸರಿದೆ, ತಿಂಡಿಗೂ ಹೆಸರಿದೆ. ಭಟ್ಟರು ಮಾತ್ರ ಸುಮ್ನೆ ಭಟ್ಟರು. ಅದು ನನಗೆ ನಿಜವಾಗಿ ನೋವು ಕೊಡುತ್ತದೆ.

ಯಾಕೆಂದರೆ ನಮ್ಮ ಹೋಟೆಲುಗಳನ್ನು ಕಟ್ಟಿದವರೇ ಅಡುಗೆಯವರು. ಉಡುಪಿ ಕಡೆಯಿಂದ ಅಡುಗೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದೇ ಇವತ್ತಿನ ಎಂಟಿಆರ್. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಹೋಟೆಲುಗಳ ಚೊಕ್ಕತನ ನೋಡಿ ಬಂದು ಎಂಟಿಆರ್‌ಗೂ ಅದನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದು ಅನ್ನುವ ಧೈರ್ಯ ಅವರಿಗಿತ್ತು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣ ರಾವ್ ಅವರೂ ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದವರು. ಇವತ್ತು ಬೆಂಗಳೂರಿನ ಎಷ್ಟೋ ಕಾವಲಿಗಳ ಮುಂದೆ ಕುಂದಾಪುರದ ಹುಡುಗರ ಜೊತೆ ಒಡಿಶಾ, ಅಸ್ಸಾಂ ಕಡೆಯ ಹುಡುಗರೂ ನಿಂತಿದ್ದಾರೆ. ನಮ್ಮ ದೋಸೆಯ ಹದ ಕಲಿತು ನಮಗೇ ಬಡಿಸುತ್ತಿದ್ದಾರೆ. ಅವರ ಹೆಸರು ಕೇಳುವಷ್ಟಾದರೂ ಪುರುಸೊತ್ತು ನಮಗೆ ಬೇಡ್ವಾ?

ಹಾಗಂತ ಸಿಂಗಪುರದ್ದೇ ಎಲ್ಲ ಸರಿ ಅನ್ನುತ್ತಿಲ್ಲ. ರುಚಿ ಒಬ್ಬರ ಕೈಯಲ್ಲೇ ಇದ್ದರೆ ಆ ಕೈ ಸೋತ ದಿನ ರುಚಿಯೂ ಹೋಗುತ್ತದೆ. ಇಲ್ಲಿ ಎಷ್ಟೋ ಹಾಕರ್‌ಗಳಿಗೆ ವಯಸ್ಸಾಗಿದೆ. ಬೆಳಗಿನ ಜಾವ ಎದ್ದು, ಒಲೆಯ ಬಿಸಿಯಲ್ಲಿ ಇಡೀ ದಿನ ನಿಲ್ಲುವ ಕೆಲಸ ಮಕ್ಕಳಿಗೆ ಬೇಡ. ನನಗೆ ಇಷ್ಟವಾಗಿದ್ದ ಮೀನಿನ ಸೂಪಿನ ಅಂಗಡಿಯೊಂದು ಹೀಗೇ ಮುಚ್ಚಿತು. ಅಂಥ ಸೂಪು ಆಮೇಲೆ ಎಲ್ಲೂ ಸಿಕ್ಕಿಲ್ಲ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಪದ್ಧತಿಯೇ ಗಟ್ಟಿ. ವಿದ್ಯಾರ್ಥಿ ಭವನ 1943ರದ್ದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಅಲ್ಲಿ ಇವತ್ತಿಗೂ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟೇ. ಸಾಂಬಾರ್ ಕೇಳಿದರೆ ಇಲ್ಲ, ಚಟ್ನಿ ಎಷ್ಟು ಬೇಕಾದರೂ ಹಾಕುತ್ತಾರೆ. ಇಷ್ಟು ವರ್ಷದಲ್ಲಿ ಎಷ್ಟು ಕೈ ಬದಲಾಗಿರಬೇಕು! ಆದರೂ ಜನ ಅಜ್ಜನ ಕಾಲದ ರುಚಿ ಅಂತ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಹಿಟ್ಟು ರುಬ್ಬುವ ಹುಡುಗ ಕಾವಲಿಗೆ ಬರುತ್ತಾನೆ, ಕಾವಲಿಯವನು ಹಿರಿಯ ಭಟ್ಟನಾಗುತ್ತಾನೆ. ಯಾವ ಕಾಲೇಜಿನ ಸರ್ಟಿಫಿಕೇಟೂ ಇಲ್ಲದೆ ನಡೆಯುವ ಪಾಠ ಇದು. ಸಿಂಗಪುರ ಈಗ ಹೊಸಬರನ್ನು ಹಳೆಯ ಹಾಕರ್‌ಗಳ ಹತ್ತಿರ ಕಲಿಯಲು ಬಿಡುವ ಯೋಜನೆಗಳನ್ನು ಮಾಡುತ್ತಿದೆ. ನಮ್ಮ ಅಡುಗೆಮನೆಗಳಲ್ಲಿ ಅದು ತನ್ನಷ್ಟಕ್ಕೆ ನಡೆದುಕೊಂಡು ಬಂದಿದೆ.

ಜಪಾನಿಗೆ ಹೋದಾಗ ಒಂದು ರೂಢಿ ನೋಡಿದೆ. ಚಿಕ್ಕ ನೂಡಲ್ಸ್ ಅಂಗಡಿಯಿಂದ ಏಳುವಾಗ ಗಿರಾಕಿಗಳು ಅಡುಗೆಯವರ ಕಡೆ ತಿರುಗಿ, ಕೇಳುವ ಹಾಗೆ "ಗೊಚಿಸೋಸಾಮ" ಅನ್ನುತ್ತಾರೆ. ಊಟಕ್ಕೆ ಧನ್ಯವಾದ. ಅಡುಗೆಯವರು ಒಲೆ ಮುಂದಿನಿಂದಲೇ ಉತ್ತರ ಕೊಡುತ್ತಾರೆ. ಎರಡು ಸೆಕೆಂಡಿನ ಮಾತು ಅಷ್ಟೆ.

ನನ್ನ ಆಸೆ ದೊಡ್ಡದೇನಲ್ಲ. ಹೋಟೆಲಿನ ಗೋಡೆಯಲ್ಲಿ ಸಂಸ್ಥಾಪಕರ ಫೋಟೋ ಇರುತ್ತದೆ, ಅಲ್ವಾ? ಅದರ ಪಕ್ಕದಲ್ಲಿ ಈಗಿನ ಭಟ್ಟರ ಫೋಟೋ, ಹೆಸರು, ಊರು ಇರಲಿ. ಅವರಿಗಿಂತ ಮೊದಲು ಆ ಕಾವಲಿ ಹಿಡಿದವರ ಹೆಸರುಗಳೂ ಸಾಲಾಗಿ ಇರಲಿ. ಹಳೆಯ ಸಪ್ಲೈಯರ್‌ಗಳನ್ನು ಕೇಳಿದರೆ ಹೇಳುತ್ತಾರೆ. ಅವರು ಇರುವಾಗಲೇ ಬರೆದಿಡಬೇಕು.