ಬಾಯ್ಲರ್‌ಗೆ ಸೀಸದ ಬೆಸುಗೆ ಬೇಡ

ಗಣಿ ರೈಲಿನ ಉಗಿ ಎಂಜಿನ್ ಮಾದರಿಗೆ ಸೀಸ-ತವರದ ಬೆಸುಗೆ ಸಾಕು ಎಂದಿದ್ದೀರಿ. ಬಾಯ್ಲರ್ ವಿಷಯದಲ್ಲಿ ಇದನ್ನು ಒಪ್ಪಲಾಗದು. 4 ಬಾರ್ ಒತ್ತಡದಲ್ಲಿ ಉಗಿಯೇ ಸುಮಾರು 150 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಆ ಬೆಸುಗೆ 183ಕ್ಕೆಲ್ಲ ಕರಗತೊಡಗುತ್ತದೆ. ಅದಕ್ಕೂ ಮೊದಲೇ ಬಲ ಕಳೆದುಕೊಂಡಿರುತ್ತದೆ. ಬಾಯ್ಲರ್‌ನಲ್ಲಿ ನೀರು ತಗ್ಗಿತೋ, ಲೋಹ ಇನ್ನೂ ಕಾದು ಜಾಯಿಂಟ್ ಬಿಟ್ಟಿತೆಂದೇ ಲೆಕ್ಕ. ತಾಮ್ರದ ಬಾಯ್ಲರ್‌ಗೆ, ಇದಕ್ಕಿಂತ ಬಹಳ ಹೆಚ್ಚು ಶಾಖದಲ್ಲಿ ಕರಗುವ ಬೆಳ್ಳಿ ಬೆಸುಗೆಯೇ ಆಗಬೇಕು. ದಾವಣಗೆರೆಯಲ್ಲಿ ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ಅಗ್ಗದ ಬೆಸುಗೆ ಕಡ್ಡಿ ಹೆಚ್ಚಾಗಿ ರಂಜಕ-ತಾಮ್ರದ್ದು. ಕಲ್ಲಿದ್ದಲ ಹೊಗೆಯ ಗಂಧಕ ಅದನ್ನು ತಿನ್ನುತ್ತದೆ. ದುಬಾರಿಯಾದರೂ 45 ಪರ್ಸೆಂಟ್ ಬೆಳ್ಳಿಯದನ್ನೇ ಕೇಳಿ ತನ್ನಿ. ಲೇತ್‌ನವರು ಬಾಯ್ಲರ್‌ಗೆ ಕವಾಟ, ಗೇಜ್ ಕೂರಿಸುವ ಬುಷ್‌ಗಳನ್ನು (ತಿರುಪಿನ ಬಳೆಗಳನ್ನು) ಹಿತ್ತಾಳೆಯಲ್ಲಿ ಮಾಡಿಕೊಡುತ್ತೇವೆ ಅಂದರೆ ಬೇಡ, ಗನ್‌ಮೆಟಲ್ (ಒಂದು ಬಗೆಯ ಕಂಚು) ಅನ್ನಿ: ಬಿಸಿನೀರಿಗೆ ಹಿತ್ತಾಳೆಯಲ್ಲಿನ ಸತು ಬಿಟ್ಟುಹೋಗಿ ಲೋಹ ಪೊಳ್ಳಾಗುತ್ತದೆ. ಉಗಿ ಏರಿಸುವ ಮುನ್ನ, ಒಳಗೆ ಗಾಳಿ ಉಳಿಯದಂತೆ ತಣ್ಣೀರು ತುಂಬಿ 8 ಬಾರ್‌ವರೆಗೆ, ಅಂದರೆ ಇಮ್ಮಡಿ ಒತ್ತಡಕ್ಕೆ, ಪಂಪ್ ಮಾಡಿ ಸೋರುತ್ತದೆಯೇ ನೋಡಿ.