ಕರ್ನಾಟಕ ಅಧ್ಯಯನದ ಪತ್ರಿಕೆಗಳಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕೇ?

ಪರ: ಲೆಕ್ಕಕ್ಕೆ ಹೆದರುವುದು ಯಾಕೆ?

(ಬರೆದವರು ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ)

ಇಪ್ಪತ್ತೆರಡು ವರ್ಷದಿಂದ ನಾನು ಗ್ರಂಥಾಲಯದ ನಿಯತಕಾಲಿಕ ವಿಭಾಗದಲ್ಲಿದ್ದೇನೆ. ಯಾವ ಪತ್ರಿಕೆಯ ಪೊಟ್ಟಣವನ್ನು ಯಾರು ಬಿಡಿಸುತ್ತಾರೆ, ಯಾವುದು ಬಿಡಿಸದೆಯೇ ಬೈಂಡಿಂಗಿಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿದವಳು. ಹಾಗಾಗಿ ನನಗೆ ಈ ವಿಷಯದಲ್ಲಿ ಮುಲಾಜಿಲ್ಲ. ಸಂಶೋಧನಾ ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸಬೇಕು. ಕನ್ನಡದಲ್ಲಿ ಬಂದರೂ, ಕರ್ನಾಟಕದ ಬಗ್ಗೆ ಇಂಗ್ಲಿಷಿನಲ್ಲಿ ಬಂದರೂ ಎಣಿಸಬೇಕು.

ಮೊದಲು ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅದನ್ನು ಬೈಯುವವರಲ್ಲಿ ಅರ್ಧ ಜನಕ್ಕೆ ಅದು ಗೊತ್ತಿಲ್ಲ. ಒಂದು ಪತ್ರಿಕೆ 2023 ಮತ್ತು 2024ರಲ್ಲಿ ಒಟ್ಟು 40 ಲೇಖನ ಹಾಕಿತು ಅಂದುಕೊಳ್ಳಿ. 2025ರಲ್ಲಿ ಬಂದ ಬೇರೆ ಬರಹಗಳು ಆ 40ನ್ನು ಒಟ್ಟು 20 ಸಲ ಉಲ್ಲೇಖಿಸಿದವು. 20ನ್ನು 40ರಿಂದ ಭಾಗಿಸಿ, 0.5 ಬಂತು. ಅಷ್ಟೇ! ಇದನ್ನು ಯೋಚಿಸಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅವರು 1955ರಲ್ಲಿ ಮುಂದಿಟ್ಟ ಯೋಚನೆ 1970ರ ದಶಕದಲ್ಲಿ ಪ್ರತಿವರ್ಷದ ಪಟ್ಟಿಯಾಯಿತು. ಅದರ ದೊಡ್ಡ ಗಿರಾಕಿಗಳು ನಾವೇ, ಲೈಬ್ರರಿಯವರು. ಕೈಯಲ್ಲಿರುವ ದುಡ್ಡಿಗೆ ಯಾವ ಪತ್ರಿಕೆ ತರಿಸಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸಲು ನಮಗೊಂದು ಅಳತೆ ಬೇಕಿತ್ತು. ಆಮೇಲೆ ಅದನ್ನು ಪ್ರಮೋಷನ್ನಿಗೂ ಸಂಬಳಕ್ಕೂ ಗಂಟುಹಾಕಿದವರು ಬೇರೆಯವರು. ಅದಕ್ಕೆ ಅಳತೆಗೋಲನ್ನು ಬೈದರೆ ಹೇಗೆ?

ಈಗ ನಮ್ಮ ಕಡೆಯ ಕಥೆ. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಧ್ಯಾಪಕರ ಪ್ರಕಟಣೆಗೆ ಪಾಯಿಂಟ್ ಕೊಡುವ ಎಪಿಐ ಪದ್ಧತಿ ತಂದಿತು. ಪಾಯಿಂಟ್ ಬಂದದ್ದೇ ತಡ, ಪತ್ರಿಕೆಗಳ ಅಂಗಡಿಗಳು ತೆರೆದವು. ಐಎಸ್‌ಎಸ್‌ಎನ್ ಅನ್ನುವ ಎಂಟಂಕಿಯ ಸಂಖ್ಯೆ ಬರೀ ಗುರುತಿನ ಚೀಟಿ. ಅದು ಗುಣದ ಮುದ್ರೆ ಅಲ್ಲ. ಆದರೂ "ಐಎಸ್‌ಎಸ್‌ಎನ್ ಇದೆಯಾ ಮೇಡಂ?" ಅನ್ನುವುದೊಂದೇ ಪ್ರಶ್ನೆಯಾಯಿತು. ದುಡ್ಡು ಕಟ್ಟಿದರೆ ಮೂರು ದಿನದಲ್ಲಿ ಲೇಖನ ಅಚ್ಚು, ಜೊತೆಗೆ ಬಣ್ಣದ ಸರ್ಟಿಫಿಕೇಟು. 2018ರಲ್ಲಿ ಯುಜಿಸಿ ತಾನೇ ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ ಒಂದೇ ಏಟಿಗೆ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. 2019ರಲ್ಲಿ ಅದರ ಬದಲು ಕೇರ್ ಅನ್ನುವ ಹೊಸ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದೂ ಹೋಯಿತು. ಈಗ ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅನ್ನುವ ಸ್ಥಿತಿ.

ಸಂಸ್ಥೆಗಳೇ ನೋಡಿಕೊಳ್ಳುವುದು ಅಂದರೆ ಏನು ಅಂತ ನಮಗೆಲ್ಲ ಗೊತ್ತು ಅಲ್ವಾ? ಸಂಪಾದಕರು ಯಾರ ಶಿಷ್ಯರು, ಯಾವ ಗುಂಪಿನವರು, ಯಾವ ಊರಿನವರು. ಕನ್ನಡದಲ್ಲಿ ಒಳ್ಳೆಯ ಪತ್ರಿಕೆ ಯಾವುದು ಅನ್ನುವುದು ಕಾಫಿ ಹೊತ್ತಿನ ಮಾತಿನಲ್ಲಿ ತೀರ್ಮಾನವಾಗುತ್ತದೆ. ಆ ಕಾಫಿಗೆ ಜಾಗ ಸಿಗದವರು, ಅಂದರೆ ಸಣ್ಣ ಊರಿನ ಕಾಲೇಜಿನವರು, ಹೆಂಗಸರು, ಯಾರ ಶಿಷ್ಯರೂ ಅಲ್ಲದವರು, ಎಲ್ಲಿಗೆ ಹೋಗಬೇಕು? 0.5 ಅನ್ನುವ ಸಂಖ್ಯೆಗೆ ಯಾರ ಜಾತಿಯೂ ಗೊತ್ತಿಲ್ಲ. ನನಗೆ ಅದು ಸಾಕು.

ಖೋಟಾ ಇಂಪ್ಯಾಕ್ಟ್ ಫ್ಯಾಕ್ಟರ್ ಮಾರುವವರೂ ಇದ್ದಾರೆ ಅನ್ನುತ್ತಾರೆ. ಇದ್ದಾರೆ. 'ಜಾಗತಿಕ' ಅಂತಲೋ 'ಅಂತಾರಾಷ್ಟ್ರೀಯ' ಅಂತಲೋ ಹೆಸರಿಟ್ಟುಕೊಂಡು, ನಿನ್ನೆ ಹುಟ್ಟಿದ ಪತ್ರಿಕೆಗೆ 6.8 ಕೊಡುತ್ತಾರೆ. ಖೋಟಾ ನೋಟು ಸಿಕ್ಕಿತು ಅಂತ ಯಾರಾದರೂ ಸಂಬಳ ಬೇಡ ಅಂದಿದ್ದಾರಾ?

ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಬೀದರ್ ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದಳು. ಅಲ್ಲಿನ ಸುರಂಗ ಬಾವಿಗಳ ಮೇಲೆ ಅವಳ ಕೆಲಸ. ಬಹಮನಿ ಸುಲ್ತಾನರ ಕಾಲದ್ದು ಅದು. ನೆಲದೊಳಗೆ ಕಾಲುವೆ, ಮೇಲೆ ಸಾಲಾಗಿ ಗಾಳಿಬಾವಿ. ಯಾವುದೋ ಪುಸ್ತಕದಲ್ಲಿ "ಹಿಂದೊಂದು ಲೇಖನದಲ್ಲಿ ಹೇಳಿರುವಂತೆ" ಅಂತ ಇತ್ತಂತೆ. ಯಾವ ಲೇಖನ, ಯಾವ ಪತ್ರಿಕೆ, ಯಾವ ವರ್ಷ? ಏನೂ ಇಲ್ಲ. ಲೇಖಕರ ಅಡ್ಡಹೆಸರು ಮಾತ್ರ ಇತ್ತು. ಅದರಲ್ಲೂ ಅಚ್ಚಿನ ತಪ್ಪು.

ನಾನೂ ಹಟಕ್ಕೆ ಬಿದ್ದೆ. ಮೊದಲ ಮೂರು ದಿನ ಸೂಚಿಕಾರ್ಡು ತಿರುವಿದ್ದಾಯಿತು. ನಾಲ್ಕನೇ ದಿನ ನಿವೃತ್ತರಾದ ನಮ್ಮ ಹಿರಿಯ ಸಹಾಯಕರಿಗೆ ಫೋನ್ ಮಾಡಿದೆ. ಅವರು, "ಅದು ಜಿಲ್ಲಾ ಮಟ್ಟದ ಪತ್ರಿಕೆ ಇರಬೇಕಮ್ಮಾ, ಎರಡು ಮೂರು ವರ್ಷ ಬಂದು ನಿಂತುಹೋಯ್ತು, ಕೆಳಗಿನ ಗೋದಾಮಿನಲ್ಲಿ ನೋಡು" ಅಂದರು. ಗೋದಾಮಿನಲ್ಲಿ ದೂಳು, ಮೇಲಿಂದ ಸೋರುವ ನೀರು. ನನಗೆ ಅಲರ್ಜಿ ಬೇರೆ. ಒಂಬತ್ತನೇ ದಿನ ಸಿಕ್ಕಿತು. ಕೃಷಿ ಇಲಾಖೆಯ ಹಳೆಯ ಬುಲೆಟಿನ್‌ಗಳ ಜೊತೆ ಸೇರಿಸಿ ಬೈಂಡ್ ಮಾಡಿಬಿಟ್ಟಿದ್ದರು! 'ಜಂಟಿ ಸಂಚಿಕೆ' ಅಂತ ಮೇಲೆ ಬರೆದಿತ್ತು, ಯಾವ ತಿಂಗಳದ್ದು ಅಂತ ಇರಲಿಲ್ಲ. ಪುಟ 31 ಆದಮೇಲೆ 48. ಆದರೆ ಲೇಖನ ಎಂಥದು ಗೊತ್ತಾ? ಬಾವಿ ಬಾವಿಗೂ ಇಳಿದು ಅಳೆದಿದ್ದರು. ಆಳ, ಅಗಲ, ನೀರು ಯಾವ ತಿಂಗಳವರೆಗೆ ಇರುತ್ತದೆ, ಎಲ್ಲ ಕೈಯಲ್ಲಿ ಬರೆದ ಕೋಷ್ಟಕ. ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಓದಿದಳು. ನಾನು ಚಹಾ ತರಿಸಿದೆ. ಅಷ್ಟು ವರ್ಷದಲ್ಲಿ ಆ ಕೋಷ್ಟಕವನ್ನು ಬಳಸಿದವರು ನಮಗೆ ಒಬ್ಬರೂ ಕಾಣಲಿಲ್ಲ.

ಎಣಿಸುವ ಪದ್ಧತಿ ಇದ್ದಿದ್ದರೆ ಆ ಪತ್ರಿಕೆ ಹೀಗೆ ಕಾಣೆಯಾಗುತ್ತಿರಲಿಲ್ಲ. ಯಾಕೆಂದರೆ ಎಣಿಕೆಗೆ ಬರಬೇಕಾದರೆ ಮೊದಲು ಸಂಪುಟ ಸಂಖ್ಯೆ ಸರಿ ಇರಬೇಕು. ಹೇಳಿದ ತಿಂಗಳಿಗೆ ಸಂಚಿಕೆ ಬರಬೇಕು. ಅಡಿಟಿಪ್ಪಣಿ ಪೂರ್ತಿ ಇರಬೇಕು. ಲೇಖನವನ್ನು ಇನ್ನೊಬ್ಬರು ಓದಿ ಒಪ್ಪಿರಬೇಕು. ಇದನ್ನೆಲ್ಲ "ಮಾಡಿ ಸ್ವಾಮಿ" ಅಂತ ನಾನು ಇಪ್ಪತ್ತೆರಡು ವರ್ಷ ಹೇಳಿದ್ದೇನೆ, ಯಾರೂ ಮಾಡಲಿಲ್ಲ. ಉಲ್ಲೇಖಗಳನ್ನು ಕಂಪ್ಯೂಟರಿನಲ್ಲಿ ಎಣಿಸುವ ಸ್ಕೋಪಸ್ ಹೇಳಿದರೆ ಮಾಡುತ್ತಾರೆ.

ಎದುರು ಪಕ್ಷದವರು ಹೇಳುವುದು ನನಗೆ ಬಾಯಿಪಾಠ. ಎರಡು ವರ್ಷದ ಲೆಕ್ಕ ಸಾಲದು ಅನ್ನುತ್ತಾರೆ. ಸರಿ, ಐದು ವರ್ಷದ ಲೆಕ್ಕವೂ ಇದೆ, ತೆಗೆದುಕೊಳ್ಳಿ. ಐನೂರು ವರ್ಷದ್ದು ಕೊಟ್ಟರೂ ಇವರಿಗೆ ಸಾಲದು. ಕನ್ನಡ ಪುಸ್ತಕದೊಳಗಿನ ಉಲ್ಲೇಖ ಆ ಕಂಪ್ಯೂಟರಿಗೆ ಕಾಣುವುದಿಲ್ಲ ಅನ್ನುತ್ತಾರೆ. ಕಾಣುವ ಹಾಗೆ ಬರೆದಿದ್ದೀರಾ? "ನೋಡಿ: ಅದೇ, ಪು. 12" ಅಂತ ಬರೆದರೆ ಯಾವ ಕಂಪ್ಯೂಟರಿಗೆ ಕಾಣುತ್ತದೆ? ಮಾನವಿಕ ವಿಷಯಗಳಿಗೆ ಇದು ಹೊಂದುವುದಿಲ್ಲ ಅನ್ನುತ್ತಾರೆ. ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿ ಹೊರಡಿಸುವ ಕ್ಲಾರಿವೇಟ್ ಕಂಪನಿ 2023ರಿಂದ ತನ್ನ ಕಲೆ ಮತ್ತು ಮಾನವಿಕ ಸೂಚಿಯ ಪತ್ರಿಕೆಗಳಿಗೂ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುತ್ತಿದೆ. ಮೂರು ದಶಮಾಂಶ ಸ್ಥಾನದ ಬದಲು ಒಂದೇ ಸ್ಥಾನ ಇಟ್ಟು ಲೆಕ್ಕವನ್ನು ಸಡಿಲವೂ ಮಾಡಿದೆ. ಬಾಗಿಲು ತೆರೆದಿದೆ. ಒಳಗೆ ಹೋಗದೆ ಜಗಲಿಯಲ್ಲಿ ಕೂತು ಸಂಪಾದಕ ಎ.ಆರ್. ಕೃಷ್ಣಶಾಸ್ತ್ರಿಗಳ ಕಾಲದ 'ಪ್ರಬುದ್ಧ ಕರ್ನಾಟಕ' ಪತ್ರಿಕೆಯನ್ನು ನೆನೆಯುವುದೇ ಇವರ ಕೆಲಸ. ಶಾಸ್ತ್ರಿಗಳು ಇದ್ದಿದ್ದರೆ ಅಡಿಟಿಪ್ಪಣಿ ಸರಿಮಾಡಿಸುತ್ತಿದ್ದರು ಅಂತ ನನ್ನ ನಂಬಿಕೆ.

ಆ ಕೋಷ್ಟಕವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಬೇಕಾದವರು ಲೈಬ್ರರಿಗೆ ಬಂದು ಕೇಳಬಹುದು. ಆದರೆ ಅದನ್ನು ಬಳಸಿದರೆ ಉಲ್ಲೇಖ ಹಾಕಿ, ಪೂರ್ತಿ ಹಾಕಿ.

ವಿರೋಧ: ಬರೆಯಿರಿ ಅಂದರು, ಬರೆದಿದ್ದೇನೆ

(ಬರೆದವರು ನಿವೃತ್ತ ಕನ್ನಡ ಅಧ್ಯಾಪಕರು)

"ಸರ್, ನೀವು ವಿರೋಧ ಬರೀತೀರಲ್ವಾ?" ಅಂತ ಸಂಪಾದಕರು ಫೋನಿನಲ್ಲಿ ಕೇಳಿದರು. ಎಪ್ಪತ್ತು ದಾಟಿದ ಕನ್ನಡ ಮೇಷ್ಟ್ರು ಎಲ್ಲದಕ್ಕೂ ವಿರೋಧವೇ ಇರುತ್ತಾರೆ ಅನ್ನುವುದು ಅವರ ಲೆಕ್ಕ. ಪರ ಕೊಟ್ಟಿದ್ದರೂ ಒಂದೆರಡು ಪುಟ ಬರೆಯುತ್ತಿದ್ದೆನೋ ಏನೋ. ಇರಲಿ, ಒಪ್ಪಿಕೊಂಡ ಮೇಲೆ ಬರೆಯಬೇಕು.

ಮುಖ್ಯ ತಕರಾರು ಕಾಲದ್ದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ 1936ರಲ್ಲಿ ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂತು. ಹದಿನಾರು ಸಾಲು. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಅಚ್ಚಾಯಿತು. (ಅದು ವರದಿ, ಪತ್ರಿಕೆ ಅಲ್ಲ. ಆದರೂ ಉದಾಹರಣೆಗೆ ನಡೆಯುತ್ತದೆ.) ಅದರ ಕಾಲ ಯಾವುದು, ಪಾಠ ಸರಿಯೇ ಅಂತ ಇವತ್ತಿಗೂ ಜಗಳವಿದೆ. ಎರಡು ವರ್ಷದ ಲೆಕ್ಕ ಹಿಡಿದರೆ ಆ ಬರಹ ಅಚ್ಚಾದ ಮೂರನೇ ವರ್ಷಕ್ಕೇ ಎಣಿಕೆಯಿಂದ ಹೊರಗೆ. ಬಿ.ಎಲ್. ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಪುಟಗಳಲ್ಲಿ ಮೊದಲನೆಯದು 1886ರದ್ದು. ಅವನ್ನು ತೆರೆಯದೆ ಕರ್ನಾಟಕದ ಇತಿಹಾಸದ ಒಂದು ಅಧ್ಯಾಯವನ್ನೂ ಬರೆಯಲಾಗದು. ವೈದ್ಯರ ಲೋಕದಲ್ಲಿ ಎರಡು ವರ್ಷದ ಹಿಂದಿನದು ಹಳತಾಗಬಹುದು. ನಮ್ಮಲ್ಲಿ ಲೇಖನ ಓದುಗರ ಕೈಗೆ ಸಿಗುವುದಕ್ಕೇ ಎರಡು ವರ್ಷ ಬೇಕು.

ಎರಡನೆಯದು, ಈ ಮಾತನ್ನು ನಾವು ಮಾತ್ರ ಹೇಳುತ್ತಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆ ಸಿದ್ಧಪಡಿಸಿದರು. ಪತ್ರಿಕೆಯ ಅಂಕ ನೋಡಿ ಮನುಷ್ಯನ ಕೆಲಸ ಅಳೆಯಬೇಡಿ ಅನ್ನುವುದು ಅದರ ಸಾರ. ಸಂಶೋಧನೆಯನ್ನು ಹೇಗೆ ಅಳೆಯಬೇಕು ಅನ್ನುವ 2015ರ ಲೈಡನ್ ಪ್ರಣಾಳಿಕೆಯಲ್ಲಿ ಹತ್ತು ಅಂಶ ಇವೆ. ಮೂರನೆಯದು, ಆಯಾ ಪ್ರದೇಶಕ್ಕೆ ಬೇಕಾದ ಸಂಶೋಧನೆಯನ್ನು ಕಾಪಾಡಿ ಅನ್ನುತ್ತದೆ. ಇದನ್ನೆಲ್ಲ ಹುಡುಕಿಕೊಟ್ಟವಳು ನನ್ನ ಮೊಮ್ಮಗಳು. ಅವಳು ಜೀವಶಾಸ್ತ್ರ ಓದುತ್ತಾಳೆ. ಅವರಲ್ಲೂ ಈ ಅಂಕದ ಕಾಟ ತಪ್ಪಿಲ್ಲವಂತೆ.

ಮೂರನೆಯದು ಅಂತ ಏನೋ ಬರೆದುಕೊಂಡಿದ್ದೆ, ಚೀಟಿ ಸಿಗುತ್ತಿಲ್ಲ. ಬಹುಶಃ ಸಂಖ್ಯೆಯ ಮೋಹದ ಬಗ್ಗೆ. ಇವತ್ತು ಪತ್ರಿಕೆಗೆ ಅಂಕ ಕೇಳಿದವರು ನಾಳೆ ವಚನಕ್ಕೂ ಅಂಕ ಕೇಳುತ್ತಾರೆ, ಬಸವಣ್ಣನಿಗೆ 2.1, ಅಲ್ಲಮನಿಗೆ 3.4 ಅಂತ. ಇಂಥ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಅದಕ್ಕೇ ಹಾಕಿದ್ದೇನೆ.

ಪತ್ರಿಕೆಗಳ ಅಶಿಸ್ತಿನ ಮಾತು ಬಂದರೆ ನನ್ನ ಹತ್ತಿರ ಉತ್ತರ ಇಲ್ಲ. ಹನ್ನೊಂದು ವರ್ಷ ನಾನೂ ಒಂದು ಅರ್ಧವಾರ್ಷಿಕ ನಡೆಸಿದವನು. ಮುನ್ನೂರು ಪ್ರತಿ. ವಿಳಾಸದ ಚೀಟಿ ಅಂಟಿಸುತ್ತಿದ್ದದ್ದು ನಾನು ಮತ್ತು ನನ್ನ ಹೆಂಡತಿ. ನಮ್ಮಲ್ಲಿ ಎರಡು ಏಳನೇ ಸಂಪುಟಗಳಿವೆ, ಎಂಟನೆಯದು ಇಲ್ಲ. ಯಾರಾದರೂ ಗದರಿಸಿದ್ದರೆ ಸರಿಮಾಡಿಕೊಳ್ಳುತ್ತಿದ್ದೆವು, ನಿಜ.

ಆ ಎರಡು ಏಳರಲ್ಲಿ ಒಂದರಲ್ಲಿ ಹಳ್ಳಿಯ ಪ್ರೈಮರಿ ಮೇಷ್ಟ್ರೊಬ್ಬರ ಲೇಖನ ಬಂದಿತ್ತು. ಅವರೂರಿನ ವೀರಗಲ್ಲಿನ ಮೇಲೆ ಏಳು ಪುಟ. ತುರು ಕಾಯಲು ಹೋಗಿ ಸತ್ತವನ ಕಲ್ಲು. ಶಕವರ್ಷದ ಲೆಕ್ಕದಲ್ಲಿ ಒಂದು ತಪ್ಪು ಇತ್ತು. ಓದುಗರೊಬ್ಬರು ಪೋಸ್ಟ್‌ಕಾರ್ಡಿನಲ್ಲಿ ತಿದ್ದಿ ಕಳಿಸಿದರು, ಮುಂದಿನ ಸಂಚಿಕೆಯಲ್ಲಿ ಹಾಕಿದೆವು. ನನಗೆ ತಿಳಿದಂತೆ ಆ ಲೇಖನವನ್ನು ಯಾವ ಸಂಶೋಧಕರೂ ಉಲ್ಲೇಖಿಸಿಲ್ಲ.

ಎಷ್ಟೋ ವರ್ಷದ ಮೇಲೆ ಅಲ್ಲಿ ರಸ್ತೆ ಅಗಲ ಮಾಡುವಾಗ ಕಲ್ಲನ್ನು ಕೀಳಬೇಕಾಯಿತು. ಎಲ್ಲಿ ನೆಡಬೇಕು ಅಂತ ಊರಲ್ಲಿ ಎರಡು ಪಂಗಡ. ಮೇಲಿನ ಕೇರಿಯವರು ಸತ್ತವನು ನಮ್ಮವನು, ನಮ್ಮ ಗುಡಿಯ ಮುಂದೆ ನೆಡಿ ಅಂದರು. ಕೆಳಗಿನ ಕೇರಿಯವರು ನಮ್ಮವನು ಅಂದರು. ಎರಡೂ ಕಡೆಯವರ ಕೈಯಲ್ಲಿ ನಮ್ಮ ಪತ್ರಿಕೆಯ ಜೆರಾಕ್ಸ್! ಒಬ್ಬರದು ಮೂಲ ಲೇಖನ, ಇನ್ನೊಬ್ಬರದು ತಿದ್ದುಪಡಿ ಬಂದ ಸಂಚಿಕೆ. ನನ್ನನ್ನು ಕಾರು ಕಳಿಸಿ ಕರೆಸಿದರು. ಬೆಳಗ್ಗೆಯಿಂದ ಸಂಜೆವರೆಗೆ ಹೆಸರು ಓದಿದ್ದೇ ಓದಿದ್ದು. ಕಲ್ಲಿನಲ್ಲಿ ಹೆಸರೇ ಒಡೆದುಹೋಗಿದೆ, ಅರ್ಧ ಅಕ್ಷರ ಉಳಿದಿದೆ ಅಷ್ಟೇ ಅಂತ ಹೇಳಿದೆ. ಯಾರೂ ಕೇಳಲಿಲ್ಲ. ಕೊನೆಗೆ ಶಾಲೆಯ ಅಂಗಳದಲ್ಲಿ ನೆಟ್ಟರು, ಎರಡು ಕೇರಿಯ ಮಕ್ಕಳೂ ಅಲ್ಲಿಗೇ ಬರುತ್ತಾರೆ ಅಂತ. ಲೇಖನ ಬರೆದ ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗ ಬಂದು ಉಳಿದ ಪ್ರತಿ ಇದ್ದರೆ ಕೊಡಿ ಅಂದ. ಮನೆಯಲ್ಲಿ ಹುಡುಕಿದೆ. ಇನ್ನೊಂದು ಏಳನೇ ಸಂಪುಟ ಸಿಕ್ಕಿತು, ಅದು ಸಿಗಲಿಲ್ಲ.