ಹಬೆಯ ಹಾವುಮೀನು, ಕೆಂಡದ ಹಾವುಮೀನು

ಹಾವುಮೀನನ್ನು ಸೀಳಿ, ನಡುಮುಳ್ಳು ತೆಗೆದು, ಕಡ್ಡಿಗೆ ಪೋಣಿಸಿ, ಸೋಯಾ ಸಾಸ್ ಮತ್ತು ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಬೆರೆತ ರಸವನ್ನು ಮತ್ತೆ ಮತ್ತೆ ಹಚ್ಚುತ್ತ ಕೆಂಡದ ಮೇಲೆ ಸುಡುವ ಕಬಾಯಾಕಿಯು ಜಪಾನಿನಲ್ಲೆಲ್ಲ ಒಂದೇ ಬಗೆಯದೆಂದು ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ತಿಳಿದುಕೊಳ್ಳುವುದುಂಟು. ಆದರೆ ಟೋಕಿಯೊ ಇರುವ ಕಾಂತೊ ಸೀಮೆಗೂ ಒಸಾಕಾ ಇರುವ ಕಾನ್ಸಾಯ್ ಸೀಮೆಗೂ ಈ ಪಾಕದಲ್ಲಿ ದೊಡ್ಡ ಅಂತರವಿದೆ. ಕಾಂತೊದವರು ಮೀನನ್ನು ಬೆನ್ನಿನಿಂದ ಸೀಳಿ, ತಲೆ ತೆಗೆದು, ರಸವಿಲ್ಲದೆ ಒಮ್ಮೆ ಸುಟ್ಟು, ಹಬೆಯಲ್ಲಿ ಬೇಯಿಸಿ, ಆ ಬಳಿಕವೇ ರಸ ಹಚ್ಚಿ ಮತ್ತೆ ಸುಡುತ್ತಾರೆ. ಕಾನ್ಸಾಯ್‌ನವರು ಹೊಟ್ಟೆಯಿಂದ ಸೀಳಿ, ತಲೆಯನ್ನು ಉಳಿಸಿಕೊಂಡು, ಹಬೆಯ ಗೊಡವೆಯಿಲ್ಲದೆ ನೇರವಾಗಿ ಕೆಂಡಕ್ಕೆ ಒಡ್ಡುತ್ತಾರೆ.

ಹೊಟ್ಟೆ ಸೀಳುವುದು ಸಮುರಾಯ್‌ಗಳ ಆತ್ಮಾಹುತಿಯನ್ನು ನೆನಪಿಸುತ್ತಿದ್ದುದರಿಂದ ಯೋಧರ ನಗರವಾಗಿದ್ದ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಬೆನ್ನು ಸೀಳುವ ರೂಢಿ ಬಂತೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಥೆ ಸೊಗಸಾಗಿದೆ, ಆದರೆ ಹಬೆಯಲ್ಲಿ ಮೆತ್ತಗಾದ ಮೀನಿನ ಅಂಚುಗಳಲ್ಲಿ ತೆಳುವಾದ ಹೊಟ್ಟೆಯ ಭಾಗವಿದ್ದರೆ ಅದು ಕಡ್ಡಿಯಿಂದ ಕಳಚಿ ಬೀಳುತ್ತದೆ, ದಪ್ಪನೆಯ ಬೆನ್ನಿನ ಭಾಗವಿದ್ದರೆ ನಿಲ್ಲುತ್ತದೆ ಎಂಬ ಅಡುಗೆಮನೆಯ ಕಾರಣವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಹಬೆಯು ಚರ್ಮವನ್ನು ಮೃದುಗೊಳಿಸುತ್ತದೆ, ಕೊಬ್ಬನ್ನೂ ಇಳಿಸುತ್ತದೆ. ಬಾಯಲ್ಲಿ ಕರಗುವ ಆ ಹದವನ್ನು ಮೆಚ್ಚುವವರು ಬಹಳ. ಆದರೆ ಹಾವುಮೀನಿನ ರುಚಿಯಿರುವುದೇ ಅದರ ಕೊಬ್ಬಿನಲ್ಲಿ. ಅದು ಕೆಂಡಕ್ಕೆ ತೊಟ್ಟಿಕ್ಕಿ ಎದ್ದ ಹೊಗೆ ಮತ್ತೆ ಮೀನಿಗೇ ತಾಗಿ, ಚರ್ಮ ಗರಿಗರಿಯಾಗಿ ಉಳಿಯುವ ಕಾನ್ಸಾಯ್ ಪಾಕದ ಮುಂದೆ ಕಾಂತೊದ್ದು ನನಗೆ ತುಸು ಸಪ್ಪೆ. ಕಾವಲಿಯ ಮೇಲೆ ಹುರಿದ ಮೀನಿನ ಗರಿಯಾದ ಅಂಚಿಗೆ ಕೈಚಾಚುವ ನಮ್ಮ ಕರಾವಳಿಯವರು ಈ ಮಾತನ್ನು ಒಪ್ಪಿಯಾರು.

ನಮ್ಮ ಕಡೆ ಮೀನನ್ನು ಮುಳ್ಳುಸಮೇತ ಅಡ್ಡಲಾಗಿ ತುಂಡರಿಸಿ, ತೆಂಗಿನಕಾಯಿ ಮಸಾಲೆಯಲ್ಲಿ ಹುಣಸೆಹುಳಿಯೊಂದಿಗೆ ಕುದಿಸುತ್ತೇವೆ. ಕಬಾಯಾಕಿಯಲ್ಲಿ ಹುಳಿಯ ಸುಳಿವೇ ಇಲ್ಲ, ಆ ಕೊರತೆ ನನ್ನನ್ನು ಈಗಲೂ ಕಾಡುತ್ತದೆ. ಅದನ್ನು ಸ್ವಲ್ಪಮಟ್ಟಿಗೆ ತುಂಬುವುದು ಮೇಲೆ ಉದುರಿಸುವ ಸಾನ್ಶೊ ಪುಡಿ. ನಮ್ಮ ಬಂಗುಡೆ ಸಾರಿಗೆ ಬೀಳುವ ಜುಮ್ಮನಕಾಯಿಯ ಹತ್ತಿರದ ಬಂಧುವಾದ ಅದು ನಾಲಿಗೆಯನ್ನು ಹಾಗೆಯೇ ಜುಮ್ಮೆನಿಸಿ ಜಿಡ್ಡನ್ನು ಮುರಿಯುತ್ತದೆ. (ಹಸಿ ಮೀನಿಗೆ ಹೆಸರಾದ ಈ ನಾಡಿನಲ್ಲೂ ಹಾವುಮೀನನ್ನು ಬೇಯಿಸಿಯೇ ತಿನ್ನುತ್ತಾರೆ, ಅದರ ಹಸಿ ರಕ್ತದಲ್ಲಿರುವ ವಿಷ ಬಿಸಿಗೆ ನಾಶವಾಗುತ್ತದೆ.)

ಬೇಸಿಗೆಯ ನಡುವೆ ಬರುವ ‘ದೊಯೊ ನೊ ಉಶಿ’ ದಿನದಂದು ಹಾವುಮೀನು ತಿಂದರೆ ಸೆಕೆಯ ಬಳಲಿಕೆ ನೀಗುತ್ತದೆಂಬ ನಂಬಿಕೆಯಿಂದ ಸೂಪರ್‌ಮಾರ್ಕೆಟ್‌ಗಳಲ್ಲಿ ಸುಟ್ಟಿಟ್ಟ ಮೀನಿನ ರಾಶಿಯೇ ಬೀಳುತ್ತದೆ. ಜಪಾನಿನ ಹಾವುಮೀನು 2014ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಅಪಾಯದಂಚಿನ ಪಟ್ಟಿಗೆ ಸೇರಿದೆ; ಸಾಕಣೆಯ ಕೊಳಗಳಿಗೂ ಮರಿಗಳನ್ನು ಬಹುಮಟ್ಟಿಗೆ ಪ್ರಕೃತಿಯಿಂದಲೇ ಹಿಡಿದು ತರಬೇಕಾಗಿದೆ. ಹೀಗಿರುವಾಗ ಆ ದಿನದ ತಣ್ಣನೆಯ ಪೊಟ್ಟಣವನ್ನು ಬಿಟ್ಟು, ಗಿರಾಕಿ ಕೇಳಿದ ಮೇಲೆಯೇ ಮೀನು ಸೀಳುವ ಅಂಗಡಿಯಲ್ಲಿ, ಅಪರೂಪಕ್ಕೊಮ್ಮೆ, ಕಾದು ಕುಳಿತು ತಿನ್ನುವುದೇ ಸರಿಯೆಂದು ನನ್ನ ಅನಿಸಿಕೆ.